ಹೂಂ ಅಂದ ಮಧ್ಯಾಹ್ನ

ನಮ್ಮ ಓಣಿಗೆ ನೀರು ಬಿಡುವ ದಿನ ಅದು. ನಮ್ಮನೆಯವರು ಐದಕ್ಕೇ ಕಂಪನಿ ಬಸ್ಸು ಹಿಡಿದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮೊದಲ ಪಾಳಿಗೆ ಹೋಗಿಯಾಗಿತ್ತು. ಐದೂವರೆಗೆ ನಲ್ಲಿ ಸುಯ್ಯೆಂದು ಗಾಳಿ ಉಗುಳಿತು. ಮೊದಲು ಬರುವ ಕೆಮ್ಮಣ್ಣಿನ ಬಣ್ಣದ ನೀರನ್ನು ಬಕೆಟ್ಟಿಗೆ ಹಿಡಿದು ಅಂಗಳಕ್ಕೆ ಚೆಲ್ಲುವುದು, ಆಮೇಲೆ ಕೊಡಗಳು, ಆಮೇಲೆ ಬಚ್ಚಲ ಡ್ರಮ್ಮು. ಮದುವೆಯಾಗಿ ಚಿತ್ತವಾಡ್ಗಿಗೆ ಬಂದ ವಾರದಲ್ಲೇ ನನ್ನ ಅತ್ತೆ ಹೇಳಿಕೊಟ್ಟ ಕ್ರಮ. ಇಷ್ಟು ವರ್ಷದಲ್ಲಿ ಒಂದು ದಿನವೂ ನಾನದನ್ನು ಹಿಂದುಮುಂದು ಮಾಡಿಲ್ಲ.

ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಒಗ್ಗರಣೆಗೆ ಹಾಕಿ ಕೈಯಾಡಿಸುತ್ತಿದ್ದಾಗ ಮಗಳು ಬಂದು ಅಡುಗೆಕಟ್ಟೆಗೆ ಒರಗಿ ನಿಂತಳು. ಒಂಬತ್ತನೇ ಕ್ಲಾಸು. ಎರಡು ಜಡೆ ತಾನೇ ಹಾಕಿಕೊಂಡಿದ್ದಳು, ಒಂದು ಮೇಲೆ, ಒಂದು ಕೆಳಗೆ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ಎರಡು ತಿಂಗಳಿಂದ ಯಾವ ಸೋಪಿಗೂ ಬಗ್ಗದೆ ಉಳಿದದ್ದು. ಪಡಸಾಲೆಯಲ್ಲಿ ನನ್ನದೊಂದು ಹಳೆಯ ನೂಲಿನ ಸೀರೆ ಹೊದ್ದುಕೊಂಡು ಅವರ ರೋಬೋಟು ಕೂತಿತ್ತು. ಅವಳೂ ಅವಳ ಕ್ಲಾಸಿನ ಇನ್ನು ಮೂವರು ಹುಡುಗಿಯರೂ ಸೇರಿ ಮಾಡಿದ ಯಂತ್ರ. ಅವತ್ತು ಊರಾಚೆಯ ಎಂಜಿನಿಯರಿಂಗ್ ಕಾಲೇಜೊಂದರ ಹಾಲಿನಲ್ಲಿ ಶಾಲೆಗಳ ರೋಬೋಟ್ ಸ್ಪರ್ಧೆಯಿತ್ತು.

ತಟ್ಟೆಗೆ ಹಾಕಿಕೊಟ್ಟ ಮಂಡಕ್ಕಿ ಒಗ್ಗರಣೆಯಿಂದ ಅವಳು ಶೇಂಗಾಕಾಳುಗಳನ್ನು ಆರಿಸಿ ಅಂಚಿಗೆ ಜೋಡಿಸತೊಡಗಿದಳು.

"ಮಮ್ಮಿ, ಇಲ್ನೋಡು. ಮುಂಜಾನೆ ಎಲ್ಲಾರೂ ಆಡ್ತಾರ. ಮಧ್ಯಾಹ್ನಕ್ಕ ಮೊದಲ ನಾಕು ನಂಬರ್ ಬಂದ ಟೀಮು ಕ್ಯಾಪ್ಟನ್ ಆಗ್ತಾವು. ಒಬ್ಬೊಬ್ಬ ಕ್ಯಾಪ್ಟನ್ನು ಇನ್ನ ಎರಡು ಟೀಮನ್ನ ಕರೀಬೇಕು. ಮೂರೂ ಕೂಡಿ ಒಂದು ಅಲೈಯನ್ಸು."

"ಮೊದ್ಲ ತಿನ್ನು. ಆರ್ತೈತಿ."

"ಕೇಳು ಮಮ್ಮಿ. ಒಂದನೇ ನಂಬರಿನವ್ರು ಯಾರ್ನ ಬೇಕಾದ್ರೂ ಕರೀಬೋದು. ಇನ್ನೊಬ್ಬ ಕ್ಯಾಪ್ಟನ್ನನೂ ಕರೀಬೋದು. ನಾವು ನಾಕರೊಳಗ ಬಂದ್ವಿ ಅನ್ಕೋ, ಅವ್ರು ನಮ್ಮನ್ನ ಕರೆದ್ರು ಅನ್ಕೋ. ಹೂಂ ಅಂದ್ರ ಅವ್ರು ಹೇಳಿದಂಗ ಕೇಳ್ಬೇಕು. ಒಲ್ಲೆ ಅಂದ್ರ ನಾವ ಕ್ಯಾಪ್ಟನ್ನು. ನಮ್ಮ ಆಟ ನಾವ ಆಡ್ಬೋದು."

"ಒಲ್ಲೆ ಅಂದ್ರ ಅವ್ರಿಗೆ ಬೇಜಾರಾಗೂದಿಲ್ಲೇನು?"

ಕಾಳು ಸರಿಸುತ್ತಿದ್ದ ಬೆರಳು ನಿಂತಿತು. "ಬೇಜಾರ್ ಯಾಕಾಗ್ತೈತಿ? ಅದು ರೂಲು."

ಹಾಲು ಉಕ್ಕಲು ಬಂದಿತ್ತು. ನಾನು ಒಲೆಯ ಕಡೆ ತಿರುಗಿದೆ. ಮತ್ತೆ ಇತ್ತ ನೋಡುವಷ್ಟರಲ್ಲಿ ಅವಳು ಕಾಳುಗಳನ್ನೆಲ್ಲ ಬಾಯಿಗೆ ಹಾಕಿಕೊಂಡು ಕೈ ತೊಳೆಯಲು ಹೋಗಿದ್ದಳು.

ಅವತ್ತಿನ ಆಟದ ಮೇಲೆ ಎಷ್ಟು ನಿಂತಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಭಾನುವಾರ ನಮ್ಮನೆಯವರು ಊಟದ ಮುಂದೆ ಕೂತು, ಸಿಟ್ಟಿಲ್ಲದೆ, ಶಾಂತವಾಗಿಯೇ ಹೇಳಿದ್ದರು: "ಗೆದ್ದು ರಾಜ್ಯಮಟ್ಟಕ್ಕ ಹೋದ್ರ ಮುಂದಿನ ವರ್ಷನೂ ಮಾಡು, ನಾ ಬ್ಯಾಡ ಅನ್ನೂದಿಲ್ಲ. ಇಲ್ಲಂದ್ರ ಹತ್ತನೇ ಕ್ಲಾಸು. ಈ ಸ್ಕ್ರೂ, ವೈರು ಎಲ್ಲಾ ಬಂದ್. ಆತೇನು?" ಆತು ಎಂದಿದ್ದಳು. ಅವಳಿಗೆ ರೋಬೋಟೆಂದರೆ ಎಷ್ಟು ಹಂಬಲವೋ ನನಗೆ ಸರಿಯಾಗಿ ಹೇಳಲು ಬಾರದು. ನಿದ್ದೆಗಣ್ಣಿನಲ್ಲಿ ಎದ್ದು ಕೂತು "ಸ್ಪ್ರಿಂಗ್ ಒಳಗಿನಿಂದ ಹಾಕ್ಬೇಕಿತ್ತು" ಎಂದು ಮತ್ತೆ ಮಲಗಿದವಳು. ಆ ಯಂತ್ರದ ಕೈ ಪೂರ್ತಿ ಅವಳದೇ. ಉಳಿದವರು ಗಾಲಿ, ಬ್ಯಾಟರಿ, ಪ್ರೋಗ್ರಾಮು ನೋಡಿಕೊಂಡಿದ್ದರು. ನೆಲದ ಮೇಲಿನ ಚೆಂಡನ್ನು ಹಿಡಿದು, ಎತ್ತಿ, ಆಳೆತ್ತರದ ಬುಟ್ಟಿಗೆ ಹಾಕುವ ಅಲ್ಯೂಮಿನಿಯಂ ಕೈ. ಚೆಂಡು ಜಾರಬಾರದೆಂದು ಅದರ ಬೆರಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದಳು. ಆ ಪಟ್ಟಿಗಳನ್ನು ನನ್ನ ಬ್ಲೌಸು ಕತ್ತರಿಸುವ ಕತ್ತರಿಯಿಂದ ಕತ್ತರಿಸಿಕೊಟ್ಟವಳು ನಾನು. ಅಷ್ಟೇ ನನ್ನ ಪಾಲು.

ಬಾಡಿಗೆಯ ಓಮ್ನಿಯಲ್ಲಿ ಹೋದೆವು. ನಾಲ್ಕು ಹುಡುಗಿಯರು, ನಾನು, ಸೀರೆ ಹೊದ್ದ ಯಂತ್ರ. ಡ್ರೈವರು ಹತ್ತುವಾಗಲೇ ಹೇಳಿದ: "ಅಕ್ಕಾರ, ನಾಕೂವರಿಗೆ ಬಿಡ್ಬೇಕ ನೋಡ್ರಿ ನನ್ನ. ಹಂಪಿಗೆ ಪಾರ್ಟಿ ಐತಿ, ಸನ್‌ಸೆಟ್ ತೋರ್ಸಬೇಕು." ಹುಡುಗಿಯರಲ್ಲಿ ಒಬ್ಬಳು, ಮಾತಿನಲ್ಲಿ ಚುರುಕಾದವಳು, ಹಿಂದಿನಿಂದ ಕೂಗಿದಳು: "ನಾವು ಫೈನಲ್‌ಗೆ ಹೋದ್ರ ಸೂರ್ಯಗ ಸ್ವಲ್ಪ ತಡಿ ಅಂತ ಹೇಳಣ್ಣ." ನಕ್ಕರು. ನಾನೂ ನಕ್ಕೆ. ಅವತ್ತು ನಾವೆಲ್ಲ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ಕಾಲೇಜಿನ ಹಾಲ್‌ನ ನಡುವೆ ಬೂದು ಬಣ್ಣದ ಜಮಖಾನ ಹಾಸಿ, ಸುತ್ತ ಮೊಣಕಾಲೆತ್ತರದ ಹಲಗೆ ಕಟ್ಟಿದ್ದರು. ಅದರ ಮೇಲೆ ಕಿತ್ತಳೆ ಬಣ್ಣದ ಚೆಂಡುಗಳು. ಈ ತುದಿಗೊಂದು ಬುಟ್ಟಿ, ಆ ತುದಿಗೊಂದು. ಈ ಕಡೆ ಮೂರು ಯಂತ್ರ, ಆ ಕಡೆ ಮೂರು. ಹೆಚ್ಚು ಚೆಂಡು ಹಾಕಿದವರು ಗೆದ್ದ ಹಾಗೆ. ದೊಡ್ಡವರೆಲ್ಲ ಹಳದಿ ಹಗ್ಗದ ಈಚೆ ಕೂರಬೇಕು. ಹುಡುಗಿಯರ ಸೈನ್ಸ್ ಮಿಸ್ಸನ್ನು ಅಂಕ ಬರೆಯುವ ಮೇಜಿಗೆ ಹಾಕಿದ್ದರಿಂದ ಅವರು ಯಾರಿಗೂ ಏನೂ ಹೇಳುವಂತಿರಲಿಲ್ಲ. ಹಾಗಾಗಿ ನಮ್ಮ ಮಕ್ಕಳ ಕಡೆಯ ದೊಡ್ಡವಳೆಂದರೆ ನಾನೊಬ್ಬಳೇ.

ಬೆಳಗಿನ ಆಟಗಳಲ್ಲಿ ಆ ಕೈ ಚೆನ್ನಾಗಿ ಕೆಲಸ ಮಾಡಿತು. ಮೊದಲ ಸಲ ಅದು ಚೆಂಡನ್ನೆತ್ತಿ ಬುಟ್ಟಿಗೆ ಹಾಕಿದಾಗ ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದೆ. ಮಗಳ ಮುಖದಲ್ಲಿ ನಗುವಿರಲಿಲ್ಲ, ತುಟಿ ಒಳಗೆ ಎಳೆದುಕೊಂಡಿದ್ದಳು, ಸೂಜಿಗೆ ದಾರ ಪೋಣಿಸುವವರ ಹಾಗೆ. ಊಟದ ಹೊತ್ತಿಗೆ ಪಟ್ಟಿ ಹಚ್ಚಿದರು. ನಮ್ಮವರು ಮೂರನೆಯವರು. ಹುಡುಗಿಯರು ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡರು.

ಊಟಕ್ಕೆ ಕೂತಾಗ ನನ್ನ ಪಕ್ಕದ ಕುರ್ಚಿಗೆ ಒಬ್ಬ ಹೆಂಗಸು ಬಂದು ಕೂತರು. ತಿಳಿ ನೀಲಿ ಕಾಟನ್ ಸೀರೆ, ಕುತ್ತಿಗೆಯಲ್ಲಿ ಸಣ್ಣ ಸರ, ನಿಧಾನದ ಮಾತು. ಮೊದಲ ಸ್ಥಾನದ ತಂಡದ ನಾಯಕ ಅವರ ಮಗ. ಡಬ್ಬಿ ತೆರೆದು ಶೇಂಗಾ ಹೋಳಿಗೆಯನ್ನು ನನ್ನ ತಟ್ಟೆಗೆ ತಾವೇ ಹಾಕಿದರು. ಬೇಡವೆಂದರೂ ಇನ್ನೊಂದು ಹಾಕಿದರು.

"ನಮ್ಮ ಮಗ ಹೇಳ್ತಿದ್ದ, ನಿಮ್ಮ ಹುಡುಗಿಯರ ರೋಬೋಟ್ ಎಷ್ಟು ಚೆನ್ನಾಗಿದೆ ಅಂತ. ತನ್ನ ಜೊತೆ ಕರೀಬೇಕು ಅಂತಿದಾನೆ. ಬರ್ತೀರಲ್ವಾ?"

ಹೋಳಿಗೆ ನನ್ನ ಬಾಯಲ್ಲಿತ್ತು. "ಅಯ್ಯೋ, ಕರೆದ್ರ ಬರ್ದ ಇರ್ತೀವೇನ್ರಿ" ಎಂದುಬಿಟ್ಟೆ.

ನಮ್ಮಲ್ಲಿ ಕರೆದರೆ ಹೋಗುತ್ತೇವೆ. ಹೊಸ್ತಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತು ಕರೆದವರಿಗೆ ಕೆಲಸವಿದೆ, ಬರಲಾಗದು ಎಂದು ಹೇಳಿದವಳಲ್ಲ ನಾನು. ಕಾಲುಂಗುರ ಬಿಗಿದು ಬೆರಳು ಬಾತಿದ್ದ ದಿನವೂ ಕುಂಟುತ್ತ ಹೋಗಿ ಒಂದು ನಿಮಿಷ ಕೂತು ಎಲೆ ಅಡಿಕೆ ತೆಗೆದುಕೊಂಡು ಬಂದಿದ್ದೇನೆ. ಮಕ್ಕಳ ಆಟದ ಕರೆಯನ್ನೂ ನಾನು ಆ ಸಾಲಿಗೇ ಸೇರಿಸಿದ್ದೆ. ಬೆಳಿಗ್ಗೆ ಮಗಳು ತಟ್ಟೆಯ ಅಂಚಿನಲ್ಲಿ ಕಾಳಿಟ್ಟು ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲ ಎಂದಲ್ಲ. ಬಿದ್ದಿತ್ತು. ಆದರೆ ಇಷ್ಟು ಮರ್ಯಾದೆಯಿಂದ, ತಾಯಿಯೇ ಬಂದು ಕೇಳುತ್ತಿರುವಾಗ, ರೂಲು ಎಂಬುದು ನನಗೆ ನೆನಪಿಗೇ ಬರಲಿಲ್ಲ.

ಊಟವಾದ ಮೇಲೆ ಎಲ್ಲ ತಂಡಗಳೂ ಜಮಖಾನದ ಸುತ್ತ ನಿಂತವು. ಮೊದಲ ಸ್ಥಾನದ ಹುಡುಗ ಮೈಕಿನ ಮುಂದೆ ಬಂದ. ಎತ್ತರದ ಹುಡುಗ, ಇಸ್ತ್ರಿ ಅಂಗಿ, ಕನ್ನಡಕ. ನೇರವಾಗಿ ನನ್ನ ಮಗಳ ಕಡೆ ಕೈ ತೋರಿಸಿ ಅವರ ಶಾಲೆಯ ಹೆಸರು ಹೇಳಿ, "ನಮ್ಮ ಜೊತೆ ಬರಬೇಕೆಂದು ಕೇಳಿಕೊಳ್ಳುತ್ತೇವೆ" ಎಂದ. ಯಾರೋ ಮೈಕನ್ನು ನನ್ನ ಮಗಳ ಬಾಯಿಗೆ ಹಿಡಿದರು. ಅವಳ ಹಿಂದೆ ನಿಂತಿದ್ದ ಚುರುಕು ಹುಡುಗಿ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದಳು. ಬೇಡ, ಬೇಡ.

ಮಗಳು ತಿರುಗಿ ಹಗ್ಗದಾಚೆ ನನ್ನನ್ನು ಹುಡುಕಿದಳು. ಹುಡುಕಿ ನೋಡಿದಳು.

ಪಕ್ಕದಲ್ಲಿದ್ದ ಆ ತಾಯಿ ಮೆತ್ತಗೆ ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟರು. ನಾನು ತಲೆಯಾಡಿಸಿದೆ. ಹೂಂ ಅನ್ನು.

"ಹೂಂ" ಎಂದಳು ಮಗಳು ಮೈಕಿನಲ್ಲಿ. ಅವಳು ಇಂಗ್ಲಿಷಿನಲ್ಲಿ ಒಪ್ಪಿಗೆ ಹೇಳುತ್ತಾಳೆಂದು ಎಲ್ಲರೂ ಕಾದಿದ್ದರೇನೋ, ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಅವಳ ಕಿವಿ ಕೆಂಪಾದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ನಾವು ಬಿಟ್ಟ ನಾಯಕ ಸ್ಥಾನ ಕೆಳಗಿನವರಿಗೆ ಹೋಯಿತು. ಐದನೆಯವರಾಗಿದ್ದ ತಂಡದವರು ಕುಣಿದಾಡಿದರು. ಮೂರನೆಯ ಜೊತೆಗಾರರಾಗಿ ಆ ಹುಡುಗ ಕಂಪ್ಲಿಯ ಕಡೆಯ ಇಬ್ಬರು ಹುಡುಗರ ತಂಡವನ್ನು ಕರೆದ. ಅವರದು ಹಲಗೆ ಹೊಡೆದ ಸಣ್ಣ ಗಾಡಿಯಂಥ ಯಂತ್ರ, ಚೆಂಡನ್ನು ತಳ್ಳಲು ಮಾತ್ರ ಬರುತ್ತಿತ್ತು.

ಮೂರು ತಂಡಗಳೂ ಹಗ್ಗದ ಪಕ್ಕದ ಮೇಜಿಗೇ ಬಂದವು. ನಾನು ಕೂತಲ್ಲಿಂದ ನಾಲ್ಕು ಹೆಜ್ಜೆ. ನಾಯಕ ಹುಡುಗ ಕಾಗದದ ಮೇಲೆ ಅಂಕಣ ಬರೆದ.

"ನೋಡಿ, ಬುಟ್ಟಿ ಹತ್ರ ನಾವೊಬ್ರೇ ಇರ್ತೀವಿ. ಚೆಂಡು ಹಾಕೋದು ನಾವು. ನೀವು ಡಿಫೆನ್ಸ್. ಎದುರಿನವರ ಮುಂದೆ ಅಡ್ಡ ನಿಂತ್ಕೊಳ್ಳಿ, ಅವ್ರನ್ನ ಬಿಡಬೇಡಿ."

"ನಮ್ದೂ ಹಾಕ್ತೈತಿ" ಎಂದಳು ಮಗಳು. "ಮುಂಜಾನೆ ನೋಡಿದ್ರೆಲ್ಲ."

"ನೋಡ್ದೆ, ಸೂಪರ್ ಆಗಿದೆ. ಆದ್ರೆ ಇಬ್ರೂ ಒಂದೇ ಬುಟ್ಟಿಗೆ ಬಂದ್ರೆ ಡಿಕ್ಕಿ ಆಗುತ್ತೆ."

"ಮತ್ತ ನಾವು?" ಕಂಪ್ಲಿಯ ಹುಡುಗ ಕೇಳಿದ.

"ನೀವು ಚೆಂಡು ತಳ್ಳಿ ನಮ್ಮ ಹತ್ರ ತಂದು ಕೊಡಿ."

"ಅಂದ್ರ ಗದ್ದಿಗೆ ನೀರ್ ಹಾಯ್ಸೋರು ನಾವು, ಬದುವಿನ ಮ್ಯಾಲ ನಿಂತು ದನ ಹೊಡಿಯೋರು ಇವ್ರು, ಕೊಯ್ಯೋರು ನೀವು. ಊಟಕ್ಕರ ಕರೀತೀಯೇನಪ?"

ಸುತ್ತಲಿನ ಹುಡುಗರು ನಕ್ಕರು, ನಾಯಕ ಹುಡುಗನೂ. ಕೆಟ್ಟ ಹುಡುಗನಲ್ಲ ಅವನು. ಪ್ರತಿ ಮಾತಿಗೂ "ಸರಿ ತಾನೇ?" ಎಂದು ಕೇಳುತ್ತಿದ್ದ. ಕೇಳಿ, ಉತ್ತರ ಬರುವ ಮೊದಲೇ ಮುಂದಿನ ಗೆರೆ ಎಳೆಯುತ್ತಿದ್ದ, ಅಷ್ಟೇ.

ಆಮೇಲೆ ಪೆನ್ನಿನಿಂದ ನಮ್ಮ ಯಂತ್ರದ ಕಡೆ ತೋರಿಸಿದ. "ಆ ಆರ್ಮ್ ಬಿಚ್ಚಿಬಿಡಿ. ಅಡ್ಡ ನಿಂತಾಗ ಗುದ್ದಿದ್ರೆ ಮೇಲಿನ ಭಾರಕ್ಕೆ ಮಗುಚಿಕೊಳ್ಳುತ್ತೆ."

ಮಗಳು ಕೈಯ ಹತ್ತಿರ ಹೋಗಿ ಅದನ್ನು ಮಡಚಿ ತೋರಿಸಿದಳು. "ಹಿಂಗ ಮಡಚಿ ಇಟ್ಕೋತೀವಿ. ಇರ್ಲಿ. ನಿಮ್ದು ನಡುವ ಕೆಟ್ರ ನಮ್ದು ಹಾಕ್ಬೋದು."

"ನಮ್ದು ಬೆಳಿಗ್ಗೆಯಿಂದ ಒಂದ್ಸಲನೂ ಕೆಟ್ಟಿಲ್ಲ."

"ಕೆಟ್ರ?"

"ಕೆಡಲ್ಲ."

ಚುರುಕು ಹುಡುಗಿ ನನ್ನ ಮಗಳ ಅಂಗಿ ಜಗ್ಗಿದಳು. "ಲೇ, ಬಿಚ್ಚಬ್ಯಾಡಲೇ. ಒಲ್ಲೆ ಅನ್ನು. ಯಾಕ ಬಿಚ್ಚಬೇಕು?" ದನಿ ಏರಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆ ನೀಲಿ ಸೀರೆಯ ತಾಯಿ ಕೂಡ ನನ್ನ ಮುಖ ನೋಡಿದರು. ನಾನು ಸಂಕೋಚದಿಂದ ಸೆರಗು ಎಳೆದುಕೊಂಡೆ.

ಮಗಳು ಮತ್ತೆ ನನ್ನ ಕಡೆ ತಿರುಗಿದಳು. ಈ ಸಲ ನಾನು ಬಾಯಿಬಿಟ್ಟೇ ಹೇಳಿದೆ, ಹಗ್ಗದ ಈಚೆಯಿಂದ, ಮೆಲ್ಲಗೆ: "ಹೋಗ್ಲಿ ಬಿಡು. ಅವ್ರು ಹೇಳಿದಂಗ ಮಾಡು. ಜಗಳ ಬ್ಯಾಡ."

ಸಂಡೂರು ನನ್ನ ತವರು. ಕಾನ್ವೆಂಟಿನಲ್ಲಿ ಓದಿದವಳು ನಾನು. ಕೈ ಎತ್ತದೆ ಮಾತಾಡಬಾರದು, ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಬಾರದು, ಬೆಂಚಿನಲ್ಲಿ ಜಾಗ ಕೇಳಿದರೆ ಸರಿದು ಕೊಡಬೇಕು. ವರ್ಷದ ಕೊನೆಗೆ ಒಳ್ಳೆಯ ನಡತೆಗೆಂದು ಒಂದು ಬಹುಮಾನ ಇರುತ್ತಿತ್ತು, ಸತತ ಐದು ವರ್ಷ ಅದು ನನಗೇ ಬಂತು. ಲೆಕ್ಕದಲ್ಲಿ ನಾನು ಜಾಣೆಯಾಗಿದ್ದೆ ಎಂಬುದು ಆ ಬಹುಮಾನದ ಮುಂದೆ ಯಾರಿಗೂ ನೆನಪಿರಲಿಲ್ಲ, ನನಗೂ. ಸಿಸ್ಟರು ರಿಬ್ಬನ್ ಚುಚ್ಚುವಾಗ ನನ್ನ ಗಲ್ಲ ಹಿಡಿದು ಎತ್ತುತ್ತಿದ್ದದ್ದು, ಅವರ ಕೈಯ ಡೆಟಾಲ್ ವಾಸನೆ, ಈಗಲೂ ಇದೆ ನನ್ನ ಮೂಗಿನಲ್ಲಿ. ಬೈದು ಬುದ್ಧಿ ಹೇಳಿ ಮಗಳಿಗೆ ನಾನಿದನ್ನು ಕಲಿಸಿದವಳಲ್ಲ. ನನ್ನ ಪಕ್ಕದಲ್ಲಿ ಹದಿನಾಲ್ಕು ವರ್ಷ ಬದುಕಿದ್ದೇ ಅವಳಿಗೆ ಸಾಕಾಗಿತ್ತು.

ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡಳು. ನಾಲ್ಕು ಸ್ಕ್ರೂ. ಒಂದೊಂದನ್ನೂ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಳು. ಕೈ ಕಳಚಿ ಬಂದಾಗ ಅದನ್ನು ನೆಲಕ್ಕೆ ಹಾಕಲಿಲ್ಲ, ನನ್ನ ಹಳೆಯ ಸೀರೆಯ ಮೇಲೆ ಮಲಗಿಸಿದಳು. ತಪಾಸಣೆಯ ಮೇಜಿನವರು ಬೋಳಾದ ಯಂತ್ರವನ್ನು ಮತ್ತೆ ತೂಗಿ, ಹೊಸ ಚೀಟಿ ಅಂಟಿಸಿ, "ಇನ್ನೇನಾದ್ರೂ ಬದಲಿಸಿದ್ರೆ ಮತ್ತೆ ಇಲ್ಲಿಗೆ ಬಂದು ತೋರಿಸಬೇಕು, ತೋರಿಸದೆ ಇಳಿಸೋಹಾಗಿಲ್ಲ" ಎಂದರು.

ಸೆಮಿಫೈನಲ್ಲು ಮೂರು ಆಟ. ಎರಡು ಗೆದ್ದವರು ಮುಂದಕ್ಕೆ. ಮೊದಲನೆಯದರಲ್ಲಿ ನಾಯಕ ಹುಡುಗ ಹೇಳಿದ ಹಾಗೆಯೇ ನಡೆಯಿತು. ಅವರ ಯಂತ್ರ ಚೆಂಡು ಹಾಕಿತು, ಕಂಪ್ಲಿಯವರು ತಳ್ಳಿ ಕೊಟ್ಟರು, ನಮ್ಮದು ಎದುರಿನವರಿಗೆ ಅಡ್ಡ ನಿಂತು ಗುದ್ದಿಸಿಕೊಂಡಿತು. ಗೆದ್ದೆವು. ನಾನು ಚಪ್ಪಾಳೆ ತಟ್ಟಿದೆ. ನೋಡು, ಹೊಂದಿಕೊಂಡು ಹೋದದ್ದಕ್ಕೆ ಎಷ್ಟು ಸಲೀಸಾಯಿತು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ ಕೂಡ. ಆ ಸಮಾಧಾನವನ್ನು ನೆನೆದರೆ ನನಗೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ಎರಡನೆಯ ಆಟ ಅರ್ಧವಾಗಿರಲಿಲ್ಲ, ನಾಯಕನ ಯಂತ್ರದೊಳಗೆ ಕಟಕ್ಕೆಂದಿತು. ಚೆಂಡನ್ನು ಮೇಲೆತ್ತುವ ಚೈನು ಕಡಿದು ಜೋತು ಬಿದ್ದಿತ್ತು. ಯಂತ್ರ ಬುಟ್ಟಿಯ ಬುಡದಲ್ಲಿ ನಿಂತುಹೋಯಿತು. ಆ ಹುಡುಗ ರಿಮೋಟನ್ನು ತಟ್ಟಿದ, ಮತ್ತೆ ತಟ್ಟಿದ.

ಇನ್ನೂ ಬೇಕಾದಷ್ಟು ಹೊತ್ತಿತ್ತು. ಕಂಪ್ಲಿಯ ಹುಡುಗರಿಗೆ ತಟ್ಟನೆ ಏನು ತೋಚಿತೋ, ಚೆಂಡುಗಳನ್ನು ತಳ್ಳಿಕೊಂಡು ನಮ್ಮ ಯಂತ್ರದ ಮುಂದೆ ತಂದರು. "ಅಕ್ಕಾ, ತಗೋ, ಹಾಕು, ಹಾಕು!" ಒಂದು ಚೆಂಡು, ಎರಡು, ಐದು. ಬೆಳಿಗ್ಗೆಯಿಂದ ಅವರು ನೋಡಿದ್ದ ಯಂತ್ರ ಅದು, ಹಾಕುವ ಯಂತ್ರ. ಗಡಿಬಿಡಿಯಲ್ಲಿ ಅದಕ್ಕೀಗ ಕೈಯಿಲ್ಲ ಎಂಬುದನ್ನೇ ಮರೆತಿದ್ದರು. ಚೆಂಡುಗಳು ಅದರ ಬೋಳು ಎದೆಗೆ ತಗುಲಿ ರಾಶಿಯಾದವು.

ನಾನು ಮಗಳ ಕೈ ನೋಡುತ್ತಿದ್ದೆ. ಅವಳ ಬಲ ಹೆಬ್ಬೆರಳು ರಿಮೋಟಿನ ಕಡ್ಡಿಯನ್ನು ಮೇಲಕ್ಕೆ ತಳ್ಳಿತು. ಅದು ಕೈ ಎತ್ತುವ ಕಡ್ಡಿ. ಮತ್ತೊಮ್ಮೆ ತಳ್ಳಿತು. ಆಮೇಲೆ ನಿಂತಿತು.

ಸೋತೆವು. ಮೂರನೆಯ ಆಟಕ್ಕೆ ಹತ್ತು ನಿಮಿಷ ಬಿಡುವು. ನಾಯಕ ಹುಡುಗ ಬಿಳಿಚಿಕೊಂಡ ಮುಖದಲ್ಲಿ ಬಂದು, "ನಮ್ದು ಆಗಲ್ಲ, ಚೈನ್ ಕಟ್ಟಾಗಿದೆ. ಪ್ಲೀಸ್, ಆರ್ಮ್ ಹಾಕ್ತೀರಾ?" ಎಂದ. ಹುಡುಗಿಯರು ಮಾತಿಲ್ಲದೆ ಕೂತು ಹಾಕತೊಡಗಿದರು. ಮೂರು ಸ್ಕ್ರೂ ಹತ್ತಿದವು. ನಾಲ್ಕನೆಯದು ಬೆರಳಿನಿಂದ ಜಾರಿ ಮೇಜಿನಡಿಗೆ ಉರುಳಿತು. ಕಂಪ್ಲಿಯ ಹುಡುಗನೊಬ್ಬ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿ ಕೊಟ್ಟ. ಯಂತ್ರವನ್ನು ಹೊತ್ತು ತಪಾಸಣೆಯ ಮೇಜಿಗೆ ಓಡಿದರು. ಅಲ್ಲಿ ಅವರಿಗಿಂತ ಮುಂಚೆ ಇನ್ನೊಂದು ತಂಡ ನಿಂತಿತ್ತು. ತಕ್ಕಡಿಯ ಮೇಲೆ ಅವರ ಯಂತ್ರ. ಚುರುಕು ಹುಡುಗಿ "ಅಣ್ಣಾ, ಸರೀರಣ್ಣಾ, ಒಂದು ನಿಮಿಷ" ಎಂದು ಬೇಡಿಕೊಳ್ಳುತ್ತಿದ್ದಳು. ಗಂಟೆ ಹೊಡೆಯಿತು.

ತೋರಿಸದ ಯಂತ್ರ ಇಳಿಯುವಂತಿಲ್ಲ ಎಂದರು. ನಿಂತುಹೋದ ಯಂತ್ರವೊಂದು, ತಳ್ಳಲು ಮಾತ್ರ ಬರುವ ಯಂತ್ರವೊಂದು, ಇವೆರಡರಲ್ಲೇ ಆಡಿ ಮೂರನೆಯ ಆಟವನ್ನೂ ಸೋತೆವು. ನಮ್ಮದು ಹೊರಗೆ, ತಕ್ಕಡಿಯ ಪಕ್ಕ, ಕೈ ಸಮೇತ, ಪೂರ್ತಿಯಾಗಿ ನಿಂತಿತ್ತು.

ನಾವು ಬಿಟ್ಟ ಜಾಗಕ್ಕೆ ಬಂದಿದ್ದ ತಂಡ ಫೈನಲ್ಲಿಗೆ ಹೋಯಿತು, ಗೆದ್ದಿತು. ಬೆಳಿಗ್ಗೆ ನಮ್ಮವರಿಗಿಂತ ಕಡಿಮೆ ಚೆಂಡು ಹಾಕಿದ್ದವರು. ನೀಲಿ ಸೀರೆಯ ತಾಯಿ ಹೊರಡುವಾಗ ನನ್ನ ಕೈ ಹಿಡಿದು, "ಬೇಜಾರು ಮಾಡ್ಕೋಬೇಡಿ, ನಮ್ಮ ಹಣೆಬರಹ" ಎಂದರು. ನಾನು "ಇಲ್ರಿ, ಅದರಾಗೇನು" ಎಂದೆ. ಅವರು ಖಾಲಿ ಡಬ್ಬಿಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಾಗ ಒಂದರ ಮುಚ್ಚಳ ಹಿಡಿದುಕೊಂಡು ಸಹಾಯವನ್ನೂ ಮಾಡಿದೆ.

ಡ್ರೈವರು ಗೇಟಿನಲ್ಲೇ ಹಾರನ್ ಹೊಡೆಯುತ್ತಿದ್ದ. ಹಂಪಿಯ ಪಾರ್ಟಿಯವರು ಲಾಡ್ಜಿನ ಮುಂದೆ ಕಾಯುತ್ತಿದ್ದಾರಂತೆ. ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡೆವು. ಗಾಜು ಏರಿಸಿದರೂ ಕೆಂಪು ದೂಳು ಒಳಗೆ ಬಂದು ಹುಡುಗಿಯರ ರೆಪ್ಪೆಗಳ ಮೇಲೆ ಕೂತಿತು. ಯಾರೂ ಒರೆಸಿಕೊಳ್ಳಲಿಲ್ಲ. ಮೂವರನ್ನೂ ಅವರವರ ಮನೆ ಮುಂದೆ ಇಳಿಸಿದೆವು. ಚುರುಕು ಹುಡುಗಿ ಇಳಿಯುವಾಗ ನನ್ನ ಮಗಳಿಗೆ ಏನೂ ಹೇಳಲಿಲ್ಲ. ನನ್ನನ್ನು ಮಾತ್ರ ಒಮ್ಮೆ ನೋಡಿ, "ಬರ್ತೀನಿ ಆಂಟಿ" ಎಂದಳು.

ಇಬ್ಬರೇ ಉಳಿದಾಗ ಮಗಳು ಹೇಳಿದಳು: "ಒಲ್ಲೆ ಅನ್ಬೇಕಂತ ಮಾಡಿದ್ದೆ ಮಮ್ಮಿ. ಬಾಯಿಗೆ ಬಂದಿತ್ತು. ನಿನ್ನ ನೋಡಿದೆ."

ದೂರುವ ದನಿಯಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದಳು. ನಾನು ತೊಡೆಯ ಮೇಲಿನ ಸೀರೆಯ ದೂಳು ಕೊಡವಿದೆ. ಆಮೇಲೆ ಅವಳೇ, "ನಿಂದೇನ್ ತಪ್ಪಿಲ್ಲ ಬಿಡು" ಎಂದಳು. ನನ್ನನ್ನು ಸಮಾಧಾನ ಮಾಡಲು. ಅವಳು ಬೈದಿದ್ದರೆ, ಅತ್ತಿದ್ದರೆ, ಆ ಕೈಯನ್ನು ಕಿಟಕಿಯಿಂದ ಎಸೆದಿದ್ದರೆ ನಾನು ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ನಮ್ಮನೆಯವರು ಪಾಳಿ ಮುಗಿಸಿ ಬಂದು, ಮುಖ ತೊಳೆದು, ಪಡಸಾಲೆಯಲ್ಲಿ ಬನಿಯನ್ನಿನಲ್ಲಿ ಕೂತಿದ್ದರು. ನಮ್ಮ ಮುಖ ನೋಡಿಯೇ ಗೊತ್ತಾಗಿರಬೇಕು. "ಏನಾತು?" ಎಂದರು.

"ಸೋತ್ವಿ ಪಪ್ಪಾ."

"ಹೋಗ್ಲಿ ಬಿಡು." ಅವಳ ಮುಖ ನೋಡದೆ ಹೇಳಿದರು: "ಮತ್ತ ನಾವು ಮಾತಾಡಿದ್ದು ನೆನಪೈತೆಲ್ಲ? ನಾಳಿಂದ ಹತ್ತನೇ ಕ್ಲಾಸಿಂದು ಟ್ಯೂಷನ್ ವಿಚಾರ್ಸ್ತೀನಿ."

"ಹೂಂ."

ಅವರು ಜಗಳಕ್ಕೆ ತಯಾರಾಗಿ ಕೂತಿದ್ದರೆಂದು ನನಗೆ ಅನಿಸಿತು. ಮಗಳು ಇಷ್ಟು ಬೇಗ ಒಪ್ಪಿದ್ದನ್ನು ನೋಡಿ ಅವರಿಗೇ ಹೇಗೋ ಆಯಿತು. ನನ್ನ ಕಡೆ ನೋಡಿದರು. ಆಗ ಹೇಳಬೇಕಿತ್ತು ನಾನು. ಅವಳು ಸೋತಿಲ್ಲ, ಸೋಲಿಸಿದವಳು ನಾನು, ತಲೆಯಾಡಿಸಿ ಹೂಂ ಹೇಳಿಸಿದೆ, ಅವಳ ಕೈ ಬಿಚ್ಚಿಸಿದೆ, ಇನ್ನೊಂದು ವರ್ಷ ಕೊಡಿ ಎಂದು. ಅಷ್ಟೂ ಮಾತು ನಾಲಗೆಯ ತುದಿಯಲ್ಲಿತ್ತು. ಅವರು ಹಗಲೆಲ್ಲ ಕುಲುಮೆಯ ಬಿಸಿಯಲ್ಲಿ ನಿಂತು ಬಂದಿದ್ದರು, ಕಣ್ಣು ಕೆಂಪಗಿತ್ತು.

"ಚಹಾ ಮಾಡ್ಲ್ಯಾ?" ಎಂದೆ.

ಅವರು ಮಾಡು ಎಂದರು. ಮಗಳು ಯಂತ್ರವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ಮಂಚದ ಕೆಳಗೆ ಏನನ್ನೋ ತಳ್ಳುವ ಸದ್ದು ಕೇಳಿತು, ಒಮ್ಮೆ ಉದ್ದಕ್ಕೆ, ಆಮೇಲೆ ಗೋಡೆಗೆ ತಾಗಿದ್ದು. ಹೊರಗೆ ಬಂದವಳು ಗಣಿತದ ಪುಸ್ತಕ ಹಿಡಿದು ಬಾಗಿಲ ಪಕ್ಕ ಕೂತಳು. ಪುಟ ತಿರುಗಿಸುವುದು ನನಗೆ ಕೇಳಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಟ್ಟಲು ಹಿಡಿದು ಬಂದರು. ನಾನು ಒಳಗಿನಿಂದ ಮೊಸರು ತರುವಷ್ಟರಲ್ಲಿ ಮಗಳ ಹತ್ತಿರ ಎಲ್ಲ ಕೇಳಿ ತಿಳಿದುಕೊಂಡಿದ್ದರು; ಸೋತದ್ದು, ಇನ್ನು ಮುಂದೆ ಅದೆಲ್ಲ ಇಲ್ಲ ಎಂಬುದು. ಬಟ್ಟಲನ್ನು ಸೆರಗಿನಿಂದ ಮುಚ್ಚಿಕೊಂಡು, ಚಪ್ಪಲಿ ಮೆಟ್ಟುತ್ತ, ಆಗಲೇ ತಮ್ಮ ಮನೆಯ ಕಡೆ ತಿರುಗಿದ್ದವರು ಹೇಳಿದರು:

"ಸೋತ್ರ ಸೋತ್ರು, ಬಿಡ್ರಿ. ಹುಡುಗಿ ಮಾತ್ರ ಭಾಳ ಚಲೋ ನೋಡ್ರಿ ನಿಮ್ದು. ಅಪ್ಪ ಸಾಕು ಅಂದ್ರ ಸಾಕು, ಒಂದು ಎದುರು ಮಾತಿಲ್ಲ. ಥೇಟ್ ನಿಮ್ಮಂಗ."